ಗುಡ್ಡದ ಹೊಟ್ಟೆಯ ಸಿಹಿನೀರು

ಊರು ಖಾಲಿ ಮಾಡಲು ಇನ್ನು ಹನ್ನೊಂದೇ ದಿನ ಉಳಿದಿದ್ದವು. ಅಷ್ಟರೊಳಗೆ ಕುಡಿಯುವ ನೀರಿನ ಹೊಸ ಮೂಲ ಸಿಕ್ಕರೆ ಊರು ಇದ್ದಲ್ಲೇ ಇರಬಹುದು, ಸಿಗದಿದ್ದರೆ ಮುನ್ನೂರು ಮನೆಗಳ ಜನರನ್ನು ಏಳು ಬೇರೆ ಬೇರೆ ಪಟ್ಟಣಗಳಿಗೆ ಹಂಚಲಾಗುವುದು ಎಂಬ ನೋಟೀಸನ್ನು ಸರ್ಕಾರಿ ಕಚೇರಿಯವರು ಪಂಪ್‌ಹೌಸಿನ ಬಾಗಿಲಿಗೇ ಅಂಟಿಸಿ ಹೋಗಿದ್ದರು. ಆ ಬಾಗಿಲನ್ನು ಇಪ್ಪತ್ತಾರು ವರ್ಷಗಳಿಂದ ದಿನಾ ತೆಗೆಯುತ್ತಿದ್ದವಳು ಪಂಪಕ್ಕ. ಅವಳ ನಿಜವಾದ ಹೆಸರು ಸಂಬಳದ ಪುಸ್ತಕ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ.

ಕಡಲು ಏರುತ್ತಿದೆ ಎಂದು ಮೊದಮೊದಲು ಯಾರೋ ಹೇಳಿದಾಗ ಊರವರು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿದ್ದರು. ಆಮೇಲೆ ಮೂರು ವರ್ಷದಲ್ಲಿ ನಾಲ್ಕು ಬಿರುಗಾಳಿ ಬಂದವು. ಪ್ರತಿ ಸಲವೂ ಅಲೆ ಒಂದೊಂದು ಬೀದಿ ಮೇಲಕ್ಕೆ ಹತ್ತಿ ಇಳಿಯಿತು. ಇಳಿದದ್ದು ಮೇಲಿನ ನೀರು ಮಾತ್ರ. ನೆಲದೊಳಗೆ ಇಳಿದ ಉಪ್ಪು ಅಲ್ಲೇ ಉಳಿಯಿತು. ಊರಿನ ಐದು ಬಾವಿಗಳು ಒಂದರ ಹಿಂದೊಂದು ಕೆಟ್ಟವು. ಕೈತೋಟಗಳು ಬೆಳ್ಳಗಾದವು. ಈಗ ವಾರಕ್ಕೆ ಎರಡು ಸಲ ದೋಣಿಯಲ್ಲಿ ನೀರು ಬರುತ್ತಿತ್ತು, ಮನೆಗೆ ನಾಲ್ಕೇ ಕೊಡ. ಅದು ಮುಗಿದ ಮೇಲೆ ಜನ ಬಾವಿಯ ಉಪ್ಪುನೀರನ್ನೇ ಕುಡಿಯುತ್ತಿದ್ದರು, ಬೇರೆ ದಾರಿ ಇರಲಿಲ್ಲ.

ಆಸ್ಪತ್ರೆಯ ಡಾಕ್ಟರಮ್ಮ ಹೇಳುವ ಪ್ರಕಾರ ಅದರ ಪೆಟ್ಟು ಮೊದಲು ಬೀಳುವುದು ಬಸುರಿಯರ ಮೇಲೆ. ಪಂಪಕ್ಕನ ಮಗಳು ಏಳು ತಿಂಗಳ ಬಸುರಿ. ಆಸ್ಪತ್ರೆಯ ಎರಡನೇ ಮಂಚದ ಮೇಲೆ ಮಲಗಿದ್ದಳು. ರಕ್ತದೊತ್ತಡ ಇಳಿಯುತ್ತಿರಲಿಲ್ಲ. ಕಾಲನ್ನು ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು.

ಅಂದು ಪಂಪ್‌ಹೌಸಿನಲ್ಲಿ ಮೂವರು ಸೇರಿದ್ದರು. ಅಳತೆಯ ಪ್ರಕಾರ ಮೊಳೆಗೆ ಸಾಲಾಗಿ ತೂಗುಹಾಕಿದ ಸ್ಪ್ಯಾನರುಗಳು, ಗ್ರೀಸು ಕುಡಿದು ಕಪ್ಪಾದ ಕಬ್ಬಿಣದ ಮೇಜು, ಮೂಲೆಯಲ್ಲಿ ಆರು ತಿಂಗಳಿಂದ ಸುಮ್ಮನಾದ ಪಂಪು. ಮೇಜಿನ ಮೇಲೆ ಒಂದು ಹಳೆಯ ನಕ್ಷೆ.

ಪಂಪಕ್ಕನ ಮೈದುನ ಚಿಪ್ಪು ಹೆಕ್ಕಲು ಕಡಲಿನ ತಳಕ್ಕೆ ಮುಳುಗುವವನು. ಗುಡ್ಡದ ಬುಡದ ಬಂಡೆಗಳ ಹತ್ತಿರ ತಳದಲ್ಲಿ ಒಂದು ಜಾಗವಿದೆ, ಅಲ್ಲಿ ನೀರು ತಣ್ಣಗಿದ್ದು, ಸಕ್ಕರೆ ಪಾಕ ಕದಡಿದ ಹಾಗೆ ಅಲುಗುತ್ತದೆ, ಬಾಯಿಟ್ಟರೆ ಸಿಹಿ ಎಂದು ಅವನು ಹತ್ತು ವರ್ಷದಿಂದ ಹೇಳುತ್ತಾ ಬಂದಿದ್ದ. ಬುರುಡೆ ಬಿಡುತ್ತಾನೆ ಎಂದು ಎಲ್ಲರೂ ನಗುತ್ತಿದ್ದರು. ನಗದವರು ಇಬ್ಬರೇ. ಒಬ್ಬಳು ಪಂಪಕ್ಕ, ಇನ್ನೊಬ್ಬರು ಸರ್ವೇಯರು. ಅವರು ಅರವತ್ತೆಂಟರ ಹಿರಿಯರು. ಮೂವತ್ತನಾಲ್ಕು ವರ್ಷದ ಹಿಂದೆ ಕಲ್ಲಿನ ಕ್ವಾರಿಗಾಗಿ ಗುಡ್ಡದೊಳಗಿನ ಗುಹೆಯನ್ನು ಅಳೆದಿದ್ದರು. ಕೊನೆಯ ಬಂಡೆಯ ಹಿಂದೆ ನೀರು ಹರಿಯುವ ಸದ್ದು ಆಗಲೇ ಕೇಳಿಸಿತ್ತಂತೆ. ಆದರೆ ಕಲ್ಲು ಅಳೆಯಲು ಕಳಿಸಿದ್ದರೇ ಹೊರತು ನೀರಿಗೆ ಕಿವಿಗೊಡಲು ಅಲ್ಲವಲ್ಲ ಎಂದು ಅವರು ಒಣನಗೆ ನಕ್ಕರು.

ದಾರಿಯಲ್ಲಿ ಒಂದೇ ಕಷ್ಟದ ಜಾಗ. ಗುಹೆ ಒಂದು ಕಡೆ ಕಡಲಿನ ಮಟ್ಟದ ಹತ್ತಿರಕ್ಕೆ ಇಳಿದು, ಇಕ್ಕಟ್ಟಾಗಿ, ಮತ್ತೆ ಮೇಲಕ್ಕೇರುತ್ತಿತ್ತು. ಅದನ್ನು ಅವರು ನಕ್ಷೆಯಲ್ಲಿ 'ಕತ್ತು' ಎಂದು ಬರೆದಿದ್ದರು. ಎಂಥ ಉಬ್ಬರ ಬಂದರೂ ಕತ್ತಿನ ನೆಲಕ್ಕೆ ನೀರು ತಾಗುವುದಿಲ್ಲ, ಒಂದು ಮೊಳ ಕೆಳಗೇ ನಿಲ್ಲುತ್ತದೆ ಎಂಬ ಟಿಪ್ಪಣಿಯೂ ಅಲ್ಲಿತ್ತು.

ಪಂಪಕ್ಕನ ಗಂಡ ಆಸ್ಪತ್ರೆಯಲ್ಲಿ ಮಗಳ ಹತ್ತಿರ ಉಳಿದ. ಉಳಿದ ಮೂವರು ಬೆಳಗ್ಗೆ ಏಳಕ್ಕೆ ಗುಡ್ಡ ಹತ್ತಿದರು.

ಮೇಲಿನಿಂದ ಊರು ಅಂಗೈಯಷ್ಟು ಕಾಣುತ್ತಿತ್ತು. ಕೆಳಗಿನ ಎರಡು ಬೀದಿಗಳ ಬಾಗಿಲುಗಳ ಮುಂದೆ ಮರಳಿನ ಚೀಲಗಳು, ಅವುಗಳ ಮೇಲೆ ಒಣಹಾಕಿದ ಹಾಸಿಗೆಗಳು. ಶಾಲೆಯ ಆಟದ ಬಯಲು ಉಪ್ಪು ಕಟ್ಟಿ ಹೊಳೆಯುತ್ತಿತ್ತು. ಅದರ ಸುತ್ತ ಸಾಲಾಗಿ ಸತ್ತ ಮರಗಳು, ಎಲೆಯಿಲ್ಲದೆ, ಹಕ್ಕಿಯಿಲ್ಲದೆ ನಿಂತಿದ್ದವು. ಪಂಪಕ್ಕ ಅಭ್ಯಾಸಬಲದಿಂದ ಮಹಡಿಗಳ ಮೇಲಿನ ನೀರಿನ ಟ್ಯಾಂಕುಗಳನ್ನು ನೋಡಿದಳು. ಎಲ್ಲ ಟ್ಯಾಂಕುಗಳ ಮುಚ್ಚಳವೂ ತೆರೆದಿತ್ತು. ಒಳಗೆ ಏನೂ ಇಲ್ಲದಿದ್ದ ಮೇಲೆ ಯಾರು ತಾನೇ ಮುಚ್ಚುತ್ತಾರೆ?

ಗುಹೆಯ ಬಾಯಿ ಕ್ವಾರಿಯ ಹಿಂಬದಿಯಲ್ಲಿತ್ತು. ತಲೆಗೆ ದೀಪ ಕಟ್ಟಿಕೊಂಡು, ಸೊಂಟಕ್ಕೆ ಹಗ್ಗ ಬಿಗಿದು ಒಳಗೆ ಇಳಿದರು. ಮುಂದೆ ಮೈದುನ, ನಡುವೆ ಸರ್ವೇಯರು, ಹಿಂದೆ ಪಂಪಕ್ಕ. ಸರ್ವೇಯರು ಇಪ್ಪತ್ತು ಹೆಜ್ಜೆಗೊಮ್ಮೆ ನಿಂತು ದಿಕ್ಕು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಒಂದೂವರೆ ಗಂಟೆಯಲ್ಲಿ ಕತ್ತು ಬಂತು.

ನೆಲದ ಮೇಲೆ ಬೊಗಸೆಯಷ್ಟು ನೀರು ನಿಂತಿತ್ತು, ಅಷ್ಟೇ. ಹೊಟ್ಟೆಯ ಮೇಲೆ ತೆವಳಿಕೊಂಡು ದಾಟಬಹುದಿತ್ತು. ಆದರೆ ಸರ್ವೇಯರು ಮಂಡಿಯೂರಿದವರು ಏಳಲಿಲ್ಲ. ಅವರ ದೀಪದ ಬೆಳಕು ಚಾವಣಿಯ ಮೇಲೆ ನಿಂತಿತ್ತು. ಅಲ್ಲಿ ಹಸಿರು ಪಾಚಿ, ಕಡಲಿನ ಪಾಚಿ, ಇನ್ನೂ ಒದ್ದೆಯಾಗಿ ನೇತಾಡುತ್ತಿತ್ತು.

ಅವರು ಅದನ್ನು ಕಿತ್ತು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಅವರ ಅಳತೆ ತಪ್ಪಿರಲಿಲ್ಲ. ಅಳೆದ ಕಡಲೇ ಈಗ ಇರಲಿಲ್ಲ.

ಉಬ್ಬರ ತುದಿ ಮುಟ್ಟುವುದು ಮಧ್ಯಾಹ್ನ ಮೂರಕ್ಕೆ. ಒಂದಕ್ಕೆ ಮೊದಲು ಕತ್ತು ದಾಟಿ ಈಚೆ ಬಂದರೆ ಕ್ಷೇಮ ಎಂದು ಮೈದುನ ಲೆಕ್ಕ ಹಾಕಿದ. ಇಬ್ಬರೂ ಪಂಪಕ್ಕನ ಮುಖ ನೋಡಿದರು. ಅವಳಿಗೆ ಎರಡನೇ ಮಂಚ ಕಣ್ಣಿಗೆ ಕಟ್ಟಿತು. ಅವಳೇ ಮೊದಲು ತಲೆ ಬಗ್ಗಿಸಿ ಕತ್ತಿನೊಳಗೆ ನುಗ್ಗಿದಳು.

ಆಚೆ ದಾರಿ ಕಡಿದಾಗಿ ಏರಿತು. ಕೊನೆಯ ಬಂಡೆ ನಕ್ಷೆಯಲ್ಲಿದ್ದ ಜಾಗದಲ್ಲೇ ಇತ್ತು, ಅದರ ಹಿಂದೆ ಸದ್ದೂ ಇತ್ತು. ಬಂಡೆಯ ಪಕ್ಕದ ಬಿರುಕಿಗೆ ಸರಳು ಹಾಕಿ ಮೀಟಿದರು. ಒಂದು ಗಂಟೆ ಹೆಣಗಿದ ಮೇಲೆ ಬಂಡೆ ಒಮ್ಮೆಲೇ ಜಾರಿತು. ಮೈದುನ ಹಾರಿ ತಪ್ಪಿಸಿಕೊಂಡ. ಸರ್ವೇಯರಿಗೆ ಆಗಲಿಲ್ಲ. ಉರುಳಿದ ಕಲ್ಲೊಂದು ಅವರ ಮೊಣಕಾಲಿಗೆ ಬಡಿದು, ಅವರು ಪಕ್ಕದ ತಣ್ಣೀರಿನ ಹೊಂಡದೊಳಗೆ ಕುತ್ತಿಗೆಯವರೆಗೂ ಬಿದ್ದರು.

ಎಳೆದು ಮೇಲೆ ತಂದಾಗ ಹಲ್ಲು ಕಟಕಟ ಎನ್ನುತ್ತಿತ್ತು. ಮೊಣಕಾಲು ಊದುತ್ತಿತ್ತು. ಆದರೂ ಅವರು ಕೈ ಮುಂದೆ ಮಾಡಿ ತೋರಿಸಿದರು.

ಬಂಡೆ ಸರಿದ ಜಾಗದ ಆಚೆ ಒಂದು ಕೋಣೆಯಷ್ಟು ಬಯಲು. ಗೋಡೆಗಳು ಹಾಲಿನ ಬಣ್ಣದ ಸುಣ್ಣಕಲ್ಲು. ಮೇಲಿನ ಸೀಳಿನಿಂದ ನೀರು ಬಿದ್ದು, ನೆಲದ ಮೇಲೆ ಮೊಳ ಅಗಲ ಹರಿದು, ಇನ್ನೊಂದು ಸೀಳಿನಲ್ಲಿ ಕಾಣೆಯಾಗುತ್ತಿತ್ತು. ಯಾರ ಕಣ್ಣಿಗೂ ಬೀಳದೆ ಅದು ಎಷ್ಟು ಕಾಲದಿಂದ ಹೀಗೆ ಕಡಲಿಗೆ ಹೋಗಿ ಸೇರುತ್ತಿತ್ತೋ.

ಪಂಪಕ್ಕ ಬೊಗಸೆ ತುಂಬಿ ಕುಡಿದಳು. ಅಳಲು ಹೊತ್ತಿರಲಿಲ್ಲ. ಉಪ್ಪು ಅಳೆಯಲು ತಂದಿದ್ದ ಮೀಟರಿನ ಮುಳ್ಳು ನೋಡಿದಳು, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಹತ್ತು ಲೀಟರಿನ ಬಕೆಟ್ಟು ಹಿಡಿದು ಗಡಿಯಾರ ನೋಡಿದಳು. ಹದಿನೈದು ಸೆಕೆಂಡು. ಮೂರು ಸಲ ಹಿಡಿದಳು, ಮೂರು ಸಲವೂ ಅಷ್ಟೇ. ತಲೆಯಲ್ಲೇ ಗುಣಿಸಿದಳು. ಇಡೀ ಊರಿಗೆ ತಲೆಗೆ ದಿನಕ್ಕೆ ಮೂವತ್ತೆಂಟು ಲೀಟರು. ಕುಡಿಯಲು, ಬೇಯಿಸಲು, ಮೈ ತೊಳೆಯಲು ಸಾಕು. ತೋಟಕ್ಕಿಲ್ಲ.

ಸರ್ವೇಯರು ಗೋಡೆಗೊರಗಿ ಕೂತೇ ಎತ್ತರ, ದಿಕ್ಕು, ದೂರ ಎಲ್ಲ ಬರೆದರು. ಕಡಲಿಗಿಂತ ಈ ಕೋಣೆ ಏಳು ಮೀಟರು ಮೇಲಿತ್ತು. ಕ್ವಾರಿಯ ಮೂಡಣ ಅಂಚಿನಿಂದ ನೇರ ಕೆಳಗೆ ಇಪ್ಪತ್ತೆರಡು ಮೀಟರು ಕೊರೆದರೆ ಪೈಪು ಇಲ್ಲಿಗೇ ಇಳಿಯುತ್ತದೆ ಎಂದು ಲೆಕ್ಕ ಮುಗಿಸಿ, ಪುಸ್ತಕವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರು. ಬರೆಯುವಾಗ ಅವರ ಕೈ ನಡುಗುತ್ತಿದ್ದುದನ್ನು ಪಂಪಕ್ಕ ಗಮನಿಸಿದಳು.

ಅವರನ್ನು ನಡುವೆ ಹಿಡಿದುಕೊಂಡು ಇಳಿದು ಬರುವಾಗ ಹನ್ನೆರಡೂವರೆ. ಇನ್ನೂ ಅರ್ಧ ಗಂಟೆ ಕೈಯಲ್ಲಿತ್ತು.

ಕತ್ತು ಮುಚ್ಚಿತ್ತು.

ಕಪ್ಪು ನೀರು ಚಾವಣಿ ಮುಟ್ಟಿ ಉಬ್ಬುತ್ತಾ ಇಳಿಯುತ್ತಾ ನಿಂತಿತ್ತು. ಹೊರಗೆ ಗಾಳಿ ತಿರುಗಿರಬೇಕು ಎಂದ ಮೈದುನ. ಗಾಳಿ ನೀರನ್ನು ಬಂಡೆಗೆ ಒತ್ತುತ್ತಿದೆ, ಇನ್ನು ಇಳಿಯುವುದು ಕತ್ತಲಾದ ಮೇಲೆಯೇ.

ಕಾಯಬಹುದಿತ್ತು, ಮೂವರೂ ಗಟ್ಟಿಯಾಗಿದ್ದರೆ. ಸರ್ವೇಯರ ನಡುಕ ಈಗ ನಿಂತುಹೋಗಿತ್ತು. ಮಾತು ತೊದಲುತ್ತಿತ್ತು. ಡಾಕ್ಟರಮ್ಮ ಮೀನುಗಾರರಿಗೆ ಹೇಳುತ್ತಿದ್ದ ಮಾತು ಪಂಪಕ್ಕನಿಗೆ ಗೊತ್ತಿತ್ತು. ಚಳಿಗೆ ನಡುಗುವವನ ಬಗ್ಗೆ ಹೆದರಬೇಡಿ, ನಡುಕ ನಿಂತವನ ಬಗ್ಗೆ ಹೆದರಿ.

ಸರ್ವೇಯರು ಪುಸ್ತಕವನ್ನು ಅವಳ ಕೈಗಿಟ್ಟರು. "ನೀವಿಬ್ರೂ ಹೋಗಿ ತಾಯಿ. ಇದು ಊರು ಸೇರಿದ್ರೆ ಸಾಕು. ನನಗೆ ವಯಸ್ಸಾಯ್ತು."

"ನಿಮ್ಮ ಅಕ್ಷರ ಕೋಳಿ ಕೆದರಿದ ಹಾಗಿದೆ," ಎಂದಳು ಪಂಪಕ್ಕ. "ಓದಿ ಹೇಳೋಕೆ ನೀವೇ ಬರಬೇಕು." ಪುಸ್ತಕವನ್ನು ಅವರ ಅಂಗಿಯೊಳಗೇ ತುರುಕಿ ಗುಂಡಿ ಹಾಕಿದಳು.

ಮೈದುನ ಹಗ್ಗದ ತುದಿ ಹಿಡಿದು ಮುಳುಗಿದ. ಹಗ್ಗ ಸರಸರ ಹೋಗಿ ನಿಂತಿತು. ಒಂದು ನಿಮಿಷ ಕಳೆದು ಅವನು ತಲೆ ಎತ್ತಿದ. ಆಚೆ ಕಲ್ಲಿಗೆ ಹಗ್ಗ ಕಟ್ಟಿ ಬಂದಿದ್ದ. ಎರಡೂವರೆ ಆಳುದ್ದದ ದಾರಿ. ಅರ್ಧ ದಾರಿಯಲ್ಲಿ ಚಾವಣಿ ತುಸು ಮೇಲೆದ್ದಿದೆ, ಅಲ್ಲಿ ತಲೆ ಎತ್ತಿದರೆ ಗಾಳಿ ಸಿಗುತ್ತದೆ. ಆದರೆ ನೀರು ಒಳಗೆ ನುಗ್ಗುವಾಗ ಮನುಷ್ಯನನ್ನು ಗೋಡೆಗೆ ಅಪ್ಪಳಿಸುತ್ತದೆ, ಅವನನ್ನೇ ಎರಡು ಸಲ ಅಪ್ಪಳಿಸಿತ್ತು. ಹುಬ್ಬಿನಿಂದ ರಕ್ತ ಇಳಿಯುತ್ತಿತ್ತು.

ಪಂಪಕ್ಕ ನೀರನ್ನು ಪೈಪಿನೊಳಗೆ ಮಾತ್ರ ನಂಬಿದವಳು. ಕಡಲ ಪಕ್ಕದಲ್ಲೇ ಹುಟ್ಟಿ ಬೆಳೆದರೂ ಸೊಂಟಮಟ್ಟ ದಾಟಿ ಇಳಿದವಳಲ್ಲ. ಕಣ್ಣು ಮುಚ್ಚಿದಳು.

ಆಗ ಅವಳಿಗೆ ಸದ್ದು ಕೇಳಿಸಿತು. ಕತ್ತು ಉಸಿರಾಡುತ್ತಿತ್ತು. ಗೊಟಕ್ ಎಂದು ಒಳಗೆಳೆದುಕೊಂಡು, ತಡೆದು, ಸೊಂಯ್ ಎಂದು ಬಿಡುತ್ತಿತ್ತು. ಹಳೆಯ ಪಂಪು ಕೆಡುವ ಮೊದಲು ಹೀಗೇ ಎಳೆಯುತ್ತಿತ್ತು. ಅದರ ಸದ್ದು ಕೇಳಿಯೇ ಅವಳು ವಾಲ್ವು ತಿರುಗಿಸುತ್ತಿದ್ದಳು. ಬೆರಳು ಮಡಚಿ ಎಣಿಸಿದಳು. ಇಪ್ಪತ್ತು ಎಣಿಸುವವರೆಗೆ ನೀರು ನುಗ್ಗುತ್ತದೆ. ಆಮೇಲೆ ಹತ್ತು ಎಣಿಸುವವರೆಗೆ ಹಿಂದೆ ಸರಿಯುತ್ತದೆ. ಸರಿಯುವಾಗ ಅದು ಹೊರಕ್ಕೇ ಎಳೆಯುತ್ತದೆ, ಅಂದರೆ ಅವರು ಹೋಗಬೇಕಾದ ಕಡೆಗೇ. ಐದು ಸಲ ಎಣಿಸಿದಳು. ತಪ್ಪಲಿಲ್ಲ.

"ನಾನು ಹೂಂ ಅಂದಾಗ ಹೊರಡೋಣ. ಗಾಳಿ ಇರೋ ಜಾಗದಲ್ಲಿ ನಿಂತು ಗೋಡೆ ಹಿಡ್ಕೊಳ್ಳಿ. ಮತ್ತೆ ನಾನು ಹೂಂ ಅನ್ನೋವರೆಗೂ ಯಾರೂ ಬಿಡಬೇಡಿ."

"ಅತ್ತಿಗೆ, ನಿಮಗೆ ಈಜು..."

"ಹಗ್ಗ ಎಳ್ಕೊಂಡು ಹೋಗೋಕೆ ಈಜು ಯಾಕೋ? ನೀನು ಇವರನ್ನ ನೋಡ್ಕೋ."

ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು. ಹೂಂ.

ಕತ್ತಲೆ. ಚಳಿ ಕಿವಿಯೊಳಗೆ ಮೊಳೆ ಹೊಡೆದಂತೆ ಇಳಿಯಿತು. ಕೈ ಹಗ್ಗದ ಮೇಲೆ. ಒಂದು, ಎರಡು, ಮೂರು. ನೀರು ಅವಳನ್ನು ಸೆರಗು ಹಿಡಿದೆಳೆದ ಹಾಗೆ ಮುಂದಕ್ಕೆ ಎಳೆಯಿತು. ತಲೆ ಕಲ್ಲಿಗೆ ತಾಗಿತು. ಆರು. ಮೈದುನನ ಕೈ ಅವಳ ಭುಜ ಹಿಡಿದು ಮೇಲಕ್ಕೆತ್ತಿತು.

ಗಾಳಿ ಇತ್ತು. ಮೂಗು ಚಾವಣಿಗೆ ಒತ್ತಿಟ್ಟರೆ ಸಿಗುವಷ್ಟು. ಮೂವರ ಮುಖಗಳು ಒಂದಕ್ಕೊಂದು ತಾಗುತ್ತಿದ್ದವು. ನೀರು ನುಗ್ಗಿತು. ಗಾಳಿ ಮುಚ್ಚಿತು. ಅವಳು ಒಂದು ಕೈಯಲ್ಲಿ ಕಲ್ಲು, ಇನ್ನೊಂದರಲ್ಲಿ ಸರ್ವೇಯರ ಬೆಲ್ಟು ಹಿಡಿದು ಎಣಿಸಿದಳು. ಹದಿಮೂರಕ್ಕೆ ಎದೆ ಉರಿಯಿತು. ಹದಿನೇಳಕ್ಕೆ ಸರ್ವೇಯರ ಕೈ ಸಡಿಲವಾಗಿ ಕಲ್ಲಿನಿಂದ ಜಾರಿತು. ಅವಳು ಬೆಲ್ಟು ಬಿಡಲಿಲ್ಲ. ಇಪ್ಪತ್ತು.

ಹೂಂ ಎನ್ನಲು ಬಾಯಿ ಬಿಡುವಂತಿರಲಿಲ್ಲ. ಮೈದುನನ ಕೈಯನ್ನು ಒತ್ತಿದಳು, ಅಷ್ಟೇ. ಇಬ್ಬರೂ ಒಟ್ಟಿಗೆ ಕಲ್ಲು ಬಿಟ್ಟರು.

ಆಚೆ ದಡದಲ್ಲಿ ಸರ್ವೇಯರನ್ನು ಮಗ್ಗುಲಿಗೆ ಮಲಗಿಸಿ ಬೆನ್ನಿಗೆ ಗುದ್ದಿದರು. ಒಂದು ಸಲ, ಎರಡು ಸಲ. ಮೂರನೆಯದಕ್ಕೆ ಅವರು ಕೆಮ್ಮಿ ಉಪ್ಪುನೀರು ಕಾರಿದರು. ಬಹಳ ಹೊತ್ತಿನ ಮೇಲೆ ನಡುಗತೊಡಗಿದರು. ಆ ನಡುಕ ನೋಡಿ ಪಂಪಕ್ಕ ಅಂದು ಮೊದಲ ಸಲ ಅತ್ತಳು.

ಮೈದುನ ಅವರನ್ನು ಬೆನ್ನ ಮೇಲೆ ಹೊತ್ತ. ಗುಹೆಯ ಬಾಯಿಗೆ ಬರಲು ಮೂರು ಗಂಟೆ ಬೇಕಾಯಿತು. ಮೀಟರು, ಬಕೆಟ್ಟು, ದಿಕ್ಸೂಚಿ ಎಲ್ಲ ಕಡಲಿನ ಪಾಲಾಗಿದ್ದವು. ಅಂಗಿಯೊಳಗಿನ ಪುಸ್ತಕದ ಅಂಚು ಮಾತ್ರ ಒದ್ದೆಯಾಗಿತ್ತು.

ಅವರು ಊರಿಗೆ ಇಳಿದಾಗ ಎರಡನೇ ಮಂಚ ಖಾಲಿಯಾಗಿತ್ತು. ಮಧ್ಯಾಹ್ನದ ನೀರಿನ ದೋಣಿಯಲ್ಲೇ ಡಾಕ್ಟರಮ್ಮ ಮಗಳನ್ನು ದೊಡ್ಡಾಸ್ಪತ್ರೆಗೆ ಕಳಿಸಿದ್ದರು, ಗಂಡನೂ ಜೊತೆಗೆ ಹೋಗಿದ್ದ. ಪಂಪಕ್ಕ ಆ ಮಂಚದ ಮೇಲೆ ಸರ್ವೇಯರನ್ನು ಮಲಗಿಸಿ, ಕಂಬಳಿ ಹೊದಿಸಿ, ಬಾಗಿಲ ಬಳಿ ಕೂತು ಫೋನಿಗಾಗಿ ಕಾದಳು. ನಾಲ್ಕನೆಯ ದಿನ ಫೋನು ಬಂತು. ಹೆಣ್ಣುಮಗು. ತಿಂಗಳು ತುಂಬದೆ ಹುಟ್ಟಿದ್ದು, ತೂಕ ಒಂದೂವರೆ ಕಿಲೋ. ಗಾಜಿನ ಪೆಟ್ಟಿಗೆಯಲ್ಲಿದೆ, ಉಸಿರಾಡುತ್ತಿದೆ. ಮಗಳೂ ಕ್ಷೇಮ.

ಸರ್ವೇಯರ ಲೆಕ್ಕ ನೋಡಿ ಕಚೇರಿಯವರು ಗಡುವು ಮುಂದೂಡಿದರು. ಇಪ್ಪತ್ತೆರಡು ಮೀಟರು ಕೊರೆಯಲು, ಪೈಪು ಇಳಿಸಲು ನಾಲ್ಕು ತಿಂಗಳು ಹಿಡಿಯಿತು. ಕೋಲೂರಿಕೊಂಡು ಬಂದು ನಿಂತು ಸರ್ವೇಯರು ಪ್ರತಿ ಮೀಟರನ್ನೂ ಬರೆದರು. ಹಳೆಯ ನಕ್ಷೆಯ ಟಿಪ್ಪಣಿಯನ್ನು ತಾವೇ ಹೊಡೆದುಹಾಕಿ ಉಬ್ಬರದ ಹೊಸ ಗೆರೆ ಎಳೆದರು. ಆ ಗೆರೆ ಎಲ್ಲರಿಗೂ ಸಿಹಿ ಸುದ್ದಿಯಾಗಿರಲಿಲ್ಲ. ಅದರ ಪ್ರಕಾರ ಕೆಳಗಿನ ಎರಡು ಬೀದಿಗಳನ್ನು ಯಾವ ನೀರೂ ಉಳಿಸುವಂತಿರಲಿಲ್ಲ. ಅಲ್ಲಿ ಕಡಲೇ ಮನೆಯೊಳಗೆ ಬರುತ್ತಿತ್ತು. ಅರವತ್ತೊಂದು ಮನೆಯವರು ಹೊರಡಲೇಬೇಕಾಯಿತು.

ಬೀದಿಯ ನಲ್ಲಿಗೆ ನೀರು ಬಂದ ಬೆಳಗ್ಗೆಯೇ ಅವರ ದೋಣಿಯೂ ಬಂತು. ಗಂಟುಮೂಟೆ ಕಟ್ಟಿಕೊಂಡು ಅವರು ದೋಣಿ ತಂಗುವ ದಕ್ಕೆಯಲ್ಲಿ ನಿಂತಿದ್ದರು. ಮೇಲಿನ ಬೀದಿಗಳ ಜನ ಕೊಡ ಹಿಡಿದು ಆಗಲೇ ಸಾಲಾಗಿದ್ದರು. ಪಂಪಕ್ಕ ನಲ್ಲಿಗೆ ಅಡ್ಡ ನಿಂತಳು. "ಮೊದಲು ಹೊರಟವರಿಗೆ," ಎಂದಳು. ಸಾಲು ತಾನಾಗಿ ಹಿಂದಕ್ಕೆ ಸರಿಯಿತು.

ಕೆಳಗಿನ ಬೀದಿಯ ಕೊನೆಯ ಮನೆಯ ಮುದುಕಿ ಮೊದಲು ಬಂದಳು. ಪಂಪಕ್ಕ ಲೋಟ ತುಂಬಿ ಕೊಟ್ಟಳು. ಮುದುಕಿ ನಿಧಾನವಾಗಿ ಕುಡಿದು, ಬಾಯಿ ಚಪ್ಪರಿಸಿ, ಹುಬ್ಬು ಗಂಟಿಕ್ಕಿದಳು. ಮೂರು ವರ್ಷದಿಂದ ಅವಳ ನಾಲಿಗೆ ಉಪ್ಪಿಗೆ ಒಗ್ಗಿಹೋಗಿತ್ತು.

"ಸಪ್ಪೆ ಇದೆ ಕಣೇ," ಎಂದಳು.

ಆಮೇಲೆ ಲೋಟವನ್ನು ಮತ್ತೆ ಮುಂದೆ ಚಾಚಿದಳು.