ಎಡಗೈಯ ಉಂಗುರ

ನೆರ್ಮಿನ್ ಬಂದು ಬಾಗಿಲು ತಟ್ಟಿದಾಗ ಫಿಕ್ರಿಯಾ ಕಂಪ್ಯೂಟರಿನ ಮುಂದೆ ಕೂತು ತನ್ನ ಬೆಕ್ಕಿಗೆ ರೆಕ್ಕೆ ಅಂಟಿಸುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಒಂದು ರೆಕ್ಕೆ ದೊಡ್ಡದಾಯಿತು, ಈ ಬೆಕ್ಕು ಹಾರಿದರೆ ಇದ್ದಲ್ಲೇ ಗಿರಗಿರ ಸುತ್ತುತ್ತದೆ ಅಷ್ಟೇ ಎಂದು ತಕರಾರು ತೆಗೆಯುತ್ತಿದ್ದೆ.

ಅದು ವಗ್ದಿ ಮೇಷ್ಟ್ರು ಕೊಟ್ಟ ಹೋಂವರ್ಕ್. ನಮ್ಮ ಕಟ್ಟಡದ ಕೆಳಗೆ ಅವರ ಫೋಟೋ ಸ್ಟುಡಿಯೋ ಇದೆ. ಅಲ್ಲಿ ಸಂಜೆ ಹೊತ್ತು ಹೊಸಬರಿಗೆ ಫೋಟೋ ತಿದ್ದುವ ಪಾಠ ಹೇಳುತ್ತಿದ್ದರು. ಫೋಟೋದಲ್ಲಿ ಮಳೆ ಸುರಿಸುವುದು, ಹಗಲನ್ನು ರಾತ್ರಿ ಮಾಡುವುದು, ಒಬ್ಬರನ್ನು ಇಲ್ಲಿಂದ ಕತ್ತರಿಸಿ ಅಲ್ಲಿ ನಿಲ್ಲಿಸುವುದು. ವಿದ್ಯಾರ್ಥಿಗಳು ನಾಲ್ಕೇ ಜನ. ಫಿಕ್ರಿಯಾ, ನಾನು, ಮಿಠಾಯಿ ಅಂಗಡಿಯ ಶುಕ್ರಿ, ಆಚೆ ಬೀದಿಯ ರೈಫಾ. ನಾವಿಬ್ಬರೂ ಈ ವಯಸ್ಸಿನಲ್ಲಿ ಅಲ್ಲಿಗೆ ಯಾಕೆ ಹೋದೆವೆಂದರೆ, ಫಿಕ್ರಿಯಾ ಹೋದಲ್ಲಿಗೆ ನಾನು ಹೋಗುತ್ತೇನೆ. ಅವಳು ಯಾಕೆ ಹೋದಳೆಂದು ಅವಳನ್ನೇ ಕೇಳಬೇಕು.

ಫಿಕ್ರಿಯಾ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ಅಲೆಕ್ಸಾಂಡ್ರಿಯಾದ ಪೊಲೀಸರಿಗೆ ಅವಳ ಹೆಸರು ಗೊತ್ತಿಲ್ಲ. ನಮ್ಮ ಬೀದಿಯಲ್ಲಿ ಮಾತ್ರ ಏನು ಕಳೆದರೂ, ಏನು ಕೆಟ್ಟರೂ ಜನ ಮೊದಲು ಬರುವುದು ಅವಳ ಬಾಗಿಲಿಗೆ. ಅವಳು ಹುಡುಕಿದ್ದೆಲ್ಲದಕ್ಕೂ ನಾನೇ ಸಾಕ್ಷಿ. ಬೇಡವೆಂದರೂ ಜೊತೆಗೆ ಹೋಗಿರುತ್ತೇನಲ್ಲ.

ನೆರ್ಮಿನ್ ಒಳಗೆ ಬಂದವಳೇ ಸೋಫಾದ ಮೇಲೆ ಕುಸಿದಳು. ಮೇಲಿನ ಮಹಡಿಯ ತೌಫೀಕರ ಒಬ್ಬಳೇ ಮಗಳು. ಶುಕ್ರವಾರ ಅವಳ ನಿಕಾಹ್.

"ಚಿಕ್ಕಮ್ಮ, ಅಪ್ಪ ಮದುವೆ ಮುರೀತಾರಂತೆ. ನಿಶ್ಚಯದ ಒಡವೆ ಎಲ್ಲ ಕಟ್ಟಿ ಇಟ್ಟಿದ್ದಾರೆ, ವಾಪಸ್ ಕಳ್ಸೋಕೆ."

"ಯಾಕಂತೆ?"

ಅವಳು ಒಂದು ಫೋಟೋ ತೆಗೆದುಕೊಟ್ಟಳು. "ಬೆಳಿಗ್ಗೆ ಬಾಗಿಲ ಸಂದೀಲಿ ಯಾರೋ ತೂರಿಸಿ ಹೋಗಿದಾರೆ. ಅಪ್ಪನ ಕೈಗೇ ಸಿಕ್ಕಿತು."

ಕಡಲ ದಂಡೆಯ ಕಟ್ಟೆಯ ಮುಂದೆ ಅವಳ ಹುಡುಗ ಹಾತಿಮ್ ನಿಂತಿದ್ದ. ಬಿಳಿ ಅಂಗಿ, ಬಲಗಡೆ ಎದೆಯ ಜೇಬಿನಲ್ಲಿ ಒಂದು ಪೆನ್ನು, ಮುಖದಲ್ಲಿ ನಗು. ಅವನಿಗೆ ಒತ್ತಿಕೊಂಡು ಒಬ್ಬ ಚೆಂದದ ಹೆಂಗಸು. ಬುಗ್ಗೆ ತೋಳಿನ ಉಡುಪು, ಗಾಳಿಗೆ ಹಾರುವ ಬಿಚ್ಚುಗೂದಲು. ಹಾತಿಮನ ಎಡಗೈ ಮುಂದಿತ್ತು. ಆ ಕೈಯಲ್ಲಿ ಬೆಳ್ಳಿ ಉಂಗುರ ಇತ್ತು.

ನಿಶ್ಚಯವಾದವರ ಉಂಗುರ ಬಲಗೈಯಲ್ಲಿರುತ್ತದೆ, ನಿಕಾಹ್ ಆದ ಗಳಿಗೆಯಲ್ಲಿ ಎಡಗೈಗೆ ಬರುತ್ತದೆ. ನಮ್ಮೂರಿನಲ್ಲಿ ಇದು ಎಳೆ ಕೂಸಿಗೂ ಗೊತ್ತು. ಶುಕ್ರವಾರ ಮದುವೆಯಾಗಬೇಕಾದ ಹುಡುಗ ಬೇರೊಬ್ಬಳ ಪಕ್ಕ, ಎಡಗೈಗೆ ಉಂಗುರ ಹಾಕಿಕೊಂಡು ನಿಂತಿದ್ದಾನೆಂದರೆ ಇನ್ನು ಹೇಳುವುದೇನಿದೆ?

"ಹಾತಿಮ್ ಏನಂದ?" ಫಿಕ್ರಿಯಾ ಕೇಳಿದಳು.

"ಈ ಹೆಂಗಸನ್ನ ಜನ್ಮದಲ್ಲೇ ನೋಡಿಲ್ಲ ಅಂತಾನೆ. ಖುರಾನ್ ಮುಟ್ಟಿ ಹೇಳ್ದ. ನಾನು ನಂಬ್ತೀನಿ. ಅಪ್ಪ ನಂಬಲ್ಲ. ಇದು ಸುಳ್ಳು ಫೋಟೋ ಆದ್ರೆ ಮಾಡಿದವರು ಯಾರು, ಇವಳು ಯಾರು ಅಂತ ಗುರುವಾರ ಸಂಜೆಯೊಳಗೆ ತೋರಿಸಿ, ಇಲ್ದಿದ್ರೆ ಮದುವೆ ಇಲ್ಲ ಅಂದ್ರು." ಹುಡುಗಿ ಅಳು ನುಂಗಿಕೊಂಡಳು. "ಚಿಕ್ಕಮ್ಮ, ನನಗೆ ಅವನೇ ಬೇಕು."

ಫಿಕ್ರಿಯಾ ಅವಳ ತಲೆ ಸವರಿದಳು. "ಹೋಗು, ಮುಖ ತೊಳ್ಕೋ. ಏನಾದ್ರೂ ತಿನ್ನು. ಅಳೋ ಹೆಣ್ಣಿಗೆ ಮದುಮಗಳ ಸಿಂಗಾರ ಒಪ್ಪಲ್ಲ."

ಫೋಟೋ ಹಿಡಿದು ನಾವು ನೇರ ವಗ್ದಿ ಮೇಷ್ಟ್ರ ಹತ್ತಿರ ಇಳಿದೆವು. ಅವರು ಕನ್ನಡಕ ಏರಿಸಿ ನೋಡಿ, ಕಿಸಕ್ಕನೆ ನಕ್ಕುಬಿಟ್ಟರು.

"ಜೋಡಿಸಿದ ಫೋಟೋ ಇದು. ಹುಡುಗನ ಭುಜ ನೋಡಿ, ಕತ್ತರೀಲಿ ಕಚ್ಚಿದ ಹಾಗಿದೆ."

"ತೌಫೀಕ್ ಅಣ್ಣನಿಗೆ ನೀವು ಹೇಳಬಾರ್ದಾ?" ಎಂದೆ.

ಅವರ ಮುಖ ಇಳಿಯಿತು. "ನಾನು ಹೇಳಿದ್ರೆ ನಂಬ್ತಾರಾ, ಸನಿಯಾ ಅಕ್ಕ? ಹೋದ ವರ್ಷ ನೆರ್ಮಿನ್‌ನ ಕೇಳಿ ಬೇಡ ಅನ್ನಿಸ್ಕೊಂಡವನು ನಾನು. ನೀನೇ ಮಾಡಿರ್ತೀಯ ಅಂತಾರೆ." ಫೋಟೋದ ಹಿಂಬದಿ ತಿರುಗಿಸಿ ನಿಟ್ಟುಸಿರು ಬಿಟ್ಟರು. "ಕಾಗದಾನೂ ನನ್ನ ಸ್ಟುಡಿಯೋದ್ದೇ. ಪಾಠಕ್ಕೆ ಬರೋರು ಅವರವರ ಫೋಟೋ ಅವರೇ ಪ್ರಿಂಟ್ ತೆಕ್ಕೊಳ್ಳಲಿ ಅಂತ ಯಂತ್ರ ಬಿಟ್ಟಿದೀನಿ. ಯಾರು ಏನು ತೆಗೆದ್ರು ಅಂತ ನಾನು ನೋಡೋಕೆ ಹೋಗಲ್ಲ."

ಅಂದರೆ ಮಾಡಿದವರು ನಮ್ಮ ತರಗತಿಯವರೇ. ನಾನು ತಕ್ಷಣ ಶುಕ್ರಿ ಎಂದೆ. ನೆರ್ಮಿನ್‌ಳನ್ನು ಸೊಸೆ ಮಾಡಿಕೊಳ್ಳಬೇಕೆಂದು ಅವನು ಬಾಯಿ ಬಿಟ್ಟು ಹೇಳಿದ್ದನ್ನು ಇಡೀ ಬೀದಿ ಕೇಳಿದೆ.

"ನಿನಗೆ ಶುಕ್ರಿ ಅಂದ್ರೆ ಯಾಕೆ ಕಣೇ ಅಷ್ಟು ಸಿಟ್ಟು?" ಎಂದಳು ಫಿಕ್ರಿಯಾ.

"ನನಗೆ ಯಾವಾಗ್ಲೂ ಬಸ್ಬೂಸಾ ಮಿಠಾಯೀದು ಮೂಲೆ ತುಂಡೇ ಕೊಡ್ತಾನೆ."

ಅದು ನಿಜ. ಇಬ್ಬರನ್ನು ಒಂದೇ ಫೋಟೋದಲ್ಲಿ ನಿಲ್ಲಿಸುವ ಪಾಠದ ದಿನವೂ ಹಾಗೇ ಆಗಿತ್ತು. ಬೆಳಕು ಇಬ್ಬರ ಮೇಲೂ ಒಂದೇ ಕಡೆಯಿಂದ ಬೀಳಬೇಕು, ಇಲ್ಲದಿದ್ದರೆ ಸುಳ್ಳು ಎದ್ದು ಕಾಣುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದರು. "ಒಬ್ಬರಿಗೆ ಎಡದಿಂದ, ಇನ್ನೊಬ್ಬರಿಗೆ ಬಲದಿಂದ ಬೆಳಕು ಬಿದ್ದಿದ್ರೆ?" ಎಂದು ರೈಫಾ ಕೇಳಿದಳು. ಮೇಷ್ಟ್ರ ಉತ್ತರ ನನ್ನ ಕಿವಿಗೆ ಬೀಳಲಿಲ್ಲ. ಶುಕ್ರಿ ಆಗ ತಟ್ಟೆ ಹಿಡಿದು ಬರುತ್ತಿದ್ದ, ನಾನು ನಡುವಿನ ತುಂಡಿನ ಮೇಲೆ ಕಣ್ಣಿಟ್ಟಿದ್ದೆ.

ಶುಕ್ರಿಯ ಅಂಗಡಿಗೂ ಹೋದೆವು. ಫೋಟೋ ತೋರಿಸಿ ಎಂದು ಅವನೇ ಕೈಚಾಚಿದ. ನೋಡಿ, ಹಾತಿಮನಿಗೆ ಬೈದು, ಆಮೇಲೆ ತಾನು ಮಾಡಿದ ಹೋಂವರ್ಕ್ ಹೆಮ್ಮೆಯಿಂದ ತೋರಿಸಿದ. ತನ್ನ ಅಂಗಡಿಯ ಜಿಲೇಬಿಗಳ ಸುತ್ತ ಮಿರಿಮಿರಿ ಬೆಳಕು, ಹೆಂಡತಿಯ ಸುತ್ತ ಮಿರಿಮಿರಿ ಬೆಳಕು, ಕತ್ತೆಯೊಂದರ ಸುತ್ತಲೂ ಅದೇ. ಕತ್ತರಿಸಿ ಜೋಡಿಸುವ ಕೆಲಸ ಒಂದರಲ್ಲೂ ಇರಲಿಲ್ಲ. ಅದು ತನಗೆ ಹತ್ತುವುದೇ ಇಲ್ಲ ಎಂದ.

ಕೊನೆಗೆ ರೈಫಾಳ ಮನೆ. ಅವಳು ಹಾತಿಮನ ಮಲತಾಯಿ. ಹೆತ್ತವಳು ತೀರಿಕೊಂಡಾಗ ಅವನಿಗೆ ಮೂರು ವರ್ಷ, ಅವರು ಈ ಕಡೆ ಬಂದದ್ದು ಆಮೇಲೆ. ರೈಫಾ ಎತ್ತಿ ಸಾಕಿದಳು, ಗಂಡ ಹೋದ ಮೇಲೆ ಒಬ್ಬಳೇ ಓದಿಸಿದಳು. ಅವನು ಅವಳನ್ನು ಅಮ್ಮ ಎಂದೇ ಕರೆಯುತ್ತಾನೆ. ಮಂಡಿನೋವೆಂದು ಪಾಠಕ್ಕೆ ಬಂದಿರಲಿಲ್ಲ ಅಂತ ನಾವು ಬೇಳೆ ಸಾರು ಒಯ್ದಿದ್ದೆವು. ಅವಳು ದಾಸವಾಳದ ಚಹಾ ಮಾಡಿಕೊಟ್ಟಳು. ನೆರ್ಮಿನ್ ಊಟ ಮಾಡಿದಳಾ, ಹಾತಿಮ್ ಕೆಲಸಕ್ಕೆ ಹೋದನಾ ಎಂದು ಮತ್ತೆ ಮತ್ತೆ ವಿಚಾರಿಸಿದಳು. ಕಣ್ಣು ಅತ್ತು ಊದಿದ್ದವು. ಪಾಪ, ಮಗನ ಮದುವೆ ಮುರಿಯುವ ತಾಯಿಗೆ ಇನ್ನೇನಾಗುತ್ತದೆ ಎಂದುಕೊಂಡು ನಾನೂ ಎರಡು ಹನಿ ಅತ್ತೆ. ಫೋಟೋ ಫಿಕ್ರಿಯಾಳ ಕೈಚೀಲದಲ್ಲೇ ಉಳಿಯಿತು.

ಮನೆಗೆ ಬಂದು ಫಿಕ್ರಿಯಾ ಫೋಟೋವನ್ನು ಕಂಪ್ಯೂಟರಿಗೆ ಹಾಕಿ ದೊಡ್ಡದು ಮಾಡುತ್ತ ಹೋದಳು. ಆ ಹೆಂಗಸಿನ ಕೆನ್ನೆ ಪರದೆ ತುಂಬಿದಾಗ ಅದರ ಮೇಲೆಲ್ಲ ಜೇನುಹುಟ್ಟಿನಂಥ ಸಣ್ಣ ಸಣ್ಣ ಕಣ್ಣುಗಳು ಕಂಡವು. ಹಾತಿಮನ ಕೆನ್ನೆ ನುಣ್ಣಗಿತ್ತು.

"ಸನಿಯಾ, ನಿನ್ನ ಮದುವೆ ಫೋಟೋ ತಗೊಂಡು ಬಾ."

ತಂದುಕೊಟ್ಟೆ. ಅವಳು ಭೂತಗನ್ನಡಿ ಇಟ್ಟು ನೋಡಿ ತಲೆಯಾಡಿಸಿದಳು. ಯಾಕೆಂದು ಕೇಳಿದರೆ, "ನಾಳೆ ಸಂಜೆ ಎಲ್ರನ್ನೂ ಕರಿ" ಎಂದಳು. ಇವಳ ಈ ಬಿಗುಮಾನ ನೋಡಿ ನೋಡಿ ನನಗೆ ಸಾಕಾಗಿದೆ. ಆದರೂ ಕರೆದೆ.

ಗುರುವಾರ ಸಂಜೆ ಎಲ್ಲರೂ ಬಂದರು. ತೌಫೀಕ್ ಒಡವೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಕುಳಿತರು. ನೆರ್ಮಿನ್ ಒಂದು ಮೂಲೆ, ಹಾತಿಮ್ ಇನ್ನೊಂದು ಮೂಲೆ. ವಗ್ದಿ, ಶುಕ್ರಿ, ರೈಫಾ ನಡುವೆ. ನಾನು ಚಹಾ ಹಂಚಿದೆ, ಯಾರೂ ಕುಡಿಯಲಿಲ್ಲ.

ಫಿಕ್ರಿಯಾ ಪರದೆಯ ಮೇಲೆ ಫೋಟೋ ತೆರೆದಳು. "ತೌಫೀಕ್ ಅಣ್ಣ, ನಿಮ್ಮ ಅಂಗಿ ಜೇಬು ಯಾವ ಕಡೆ ಇದೆ?"

ತೌಫೀಕ್ ಎದೆ ಮುಟ್ಟಿಕೊಂಡರು. "ಎಡಗಡೆ. ಗಂಡಸರ ಅಂಗಿ ಜೇಬು ಇನ್ನೆಲ್ಲಿರುತ್ತಮ್ಮ?"

"ಇಲ್ಲಿ ಹಾತಿಮನ ಜೇಬು ಬಲಗಡೆ ಇದೆ. ಅಂಥ ಅಂಗಿ ಯಾವ ದರ್ಜಿನೂ ಹೊಲಿಯಲ್ಲ." ಅವಳು ಒಂದು ಗುಂಡಿ ಒತ್ತಿದಳು. ಕನ್ನಡಿಯಲ್ಲಿ ಕಂಡಂತೆ ಹಾತಿಮ್ ಮಗುಚಿಕೊಂಡ. ಜೇಬು ಎಡಕ್ಕೆ ಬಂತು, ಉಂಗುರ ಬಲಗೈಗೆ ಹೋಯಿತು. "ಅವನ ಉಂಗುರ ಇದ್ದಿದ್ದು ಸರಿಯಾದ ಕೈಯಲ್ಲೇ. ಫೋಟೋ ಜೋಡಿಸಿದವರು ಅವನನ್ನ ಮಗುಚಿದಾರೆ."

ನೆರ್ಮಿನ್ ಮುಖ ಎತ್ತಿದಳು. ತೌಫೀಕರ ಕೈ ಗಂಟಿನ ಮೇಲಿಂದ ಸರಿಯಿತು. ಆದರೂ, "ಮನೆ ಮುರಿಯೋಕೇ ಮಗುಚಿರ್ತಾರೆ. ಯಾರು ಅಂತ ಹೇಳು" ಎಂದರು.

"ಮನೆ ಮುರಿಯೋಕೆ ಅಲ್ಲ, ಬೆಳಕು ಹೊಂದಿಸೋಕೆ. ಆ ಹೆಂಗಸಿನ ಮುಖಕ್ಕೆ ಬೆಳಕು ಎಡದಿಂದ ಬಿದ್ದಿದೆ, ಹಾತಿಮನಿಗೆ ಬಲದಿಂದ ಇತ್ತು. ಹಾಗಾದಾಗ ಏನು ಮಾಡ್ಬೇಕು ಮೇಷ್ಟ್ರೇ?"

"ಒಬ್ಬರನ್ನ ಮಗುಚಿ ಅಂತ ಹೇಳಿಕೊಟ್ಟಿದ್ದೆ," ಎಂದರು ವಗ್ದಿ, ಅಳುಕುತ್ತ.

"ಮಗುಚಿದವರಿಗೆ ಬೆಳಕಿನ ಮೇಲಷ್ಟೇ ಗಮನ. ಉಂಗುರ ಕೈ ಬದಲಾಯಿಸಿದ್ದು ಕಾಣ್ಲೇ ಇಲ್ಲ. ಇದು ಕಲಿಯೋರು ಮಾಡೋ ತಪ್ಪು, ಮೇಷ್ಟ್ರದ್ದಲ್ಲ. ಶುಕ್ರಿಗೆ ಕತ್ತರಿಸೋಕೇ ಬರಲ್ಲ."

"ಅದನ್ನ ಎಲ್ಲರ ಮುಂದೆ ಹೇಳ್ಬೇಕಿತ್ತಾ," ಎಂದ ಶುಕ್ರಿ.

ಫಿಕ್ರಿಯಾ ಹೆಂಗಸಿನ ಕೂದಲನ್ನು ದೊಡ್ಡದು ಮಾಡಿದಳು. "ಇಲ್ಲಿ ನೋಡಿ. ಒಂದೊಂದು ಎಳೆಯನ್ನೂ ಬಿಡಿಸಿ ಬಿಡಿಸಿ ತೆಗೆದಿದಾರೆ. ಎಷ್ಟು ಸಂಜೆ ಕೂತಿರ್ಬೇಕು. ಹಾತಿಮನ್ನ ಮಾತ್ರ ಅವಸರದಲ್ಲಿ ಕತ್ತರಿಸಿದಾರೆ. ಅವನ ಹೆಸರು ಕೆಡಿಸೋಕೆ ಹೊರಟವರು ಅವನ ಮೇಲೆ ಕಷ್ಟಪಡ್ತಿದ್ರು. ಇವರು ಕಷ್ಟಪಟ್ಟಿದ್ದು ಈ ಹೆಂಗಸಿಗಾಗಿ. ಇವಳನ್ನ ಸ್ವಲ್ಪಾನೂ ನೋಯಿಸಬಾರ್ದು ಅಂತ."

ಅವಳು ಕೆನ್ನೆಯ ಮೇಲಿನ ಆ ಜೇನುಹುಟ್ಟಿನಂಥ ಕಣ್ಣುಗಳನ್ನು ತೋರಿಸಿದಳು. "ಮೊದಲು ಸ್ಟುಡಿಯೋಗಳಲ್ಲಿ ಇಂಥ ತರಿತರಿ ಕಾಗದದ ಮೇಲೆ ಫೋಟೋ ತೆಗೀತಿದ್ರು. ಸನಿಯಾ ಮದುವೆ ಫೋಟೋನೂ ಅದರಲ್ಲೇ ಇದೆ. ಆ ಬುಗ್ಗೆ ತೋಳು ಆಗಿನ ಕಾಲದ್ದು. ಈ ಹೆಂಗಸು ನಮ್ಮ ಓರಗೆಯವಳು, ತೌಫೀಕ್ ಅಣ್ಣ. ಹಾತಿಮ್ ಕೂಸಾಗಿದ್ದಾಗ ಇವಳಿಗೆ ಈ ವಯಸ್ಸು."

ಆಮೇಲೆ ದನಿ ತಗ್ಗಿಸಿದಳು. "ಈ ಫೋಟೋ ತೋರಿಸಿ ತೋರಿಸಿ ಅಂತ ಬೀದಿಯವರೆಲ್ಲ ಕೇಳಿದ್ರು. ಒಬ್ಬರು ಮಾತ್ರ ಕೇಳಲಿಲ್ಲ. ಮಗನ ಮದುವೆ ಮುರೀತಿರೋ ತಾಯಿ. ಅವರಿಗೆ ನೋಡೋದೇ ಬೇಕಿರಲಿಲ್ಲ." ಅವಳು ರೈಫಾಳ ಕಡೆ ತಿರುಗಿದಳು. "ಬೆಳಕಿನ ಪ್ರಶ್ನೆ ಕೇಳಿದ್ದೂ ನೀವೇ. ಈಗ ನೀವು ಹೇಳ್ತೀರಾ, ನಾನು ಹೇಳ್ಲಾ?"

ರೈಫಾ ತಲೆ ಬಗ್ಗಿಸಿದಳು. ಹಾತಿಮ್ ಎದ್ದು ನಿಂತಿದ್ದ. "ಅಮ್ಮಾ? ನೀನಾ? ಯಾರಮ್ಮ ಇವಳು?"

ಫಿಕ್ರಿಯಾ ಕಂಪ್ಯೂಟರಿನಲ್ಲಿ ಎರಡು ಮುಖಗಳನ್ನೂ ದೊಡ್ಡದು ಮಾಡಿ ಪಕ್ಕಪಕ್ಕ ಇಟ್ಟಳು. ಕೂಡಿಕೊಂಡ ಹುಬ್ಬು, ಗಲ್ಲದ ಗುಳಿ, ನಗುವಾಗ ಮೇಲೇರುವ ಮೇಲ್ದುಟಿ. ಅಯ್ಯೋ, ನಾವೆಲ್ಲ ಇಷ್ಟು ಹೊತ್ತು ಏನು ನೋಡುತ್ತಿದ್ದೆವು?

"ನನ್ನ ಹೆತ್ತವಳಾ?" ಎಂದ ಹಾತಿಮ್. "ಫೋಟೋ ಒಂದೂ ಉಳಿದಿಲ್ಲ ಅಂದಿದ್ಯಲ್ಲ."

"ಒಂದಿತ್ತು," ಎಂದಳು ರೈಫಾ. "ನಾನು ನಿಮ್ಮಪ್ಪನ ಮನೆಗೆ ಬಂದಾಗ ನೀನು ಅದನ್ನ ತಬ್ಬಿಕೊಂಡೇ ಮಲಗ್ತಿದ್ದೆ. ನನ್ನ ಹತ್ರ ಸುಳೀತಿರಲಿಲ್ಲ, ಊಟ ಮಾಡ್ತಿರಲಿಲ್ಲ. ಒಂದಿನದ ಮಟ್ಟಿಗೆ ಅಂತ ಎತ್ತಿಟ್ಟೆ. ಅವತ್ತು ಅತ್ತು ಅತ್ತು ನನ್ನ ತೊಡೆ ಮೇಲೆ ಬಂದು ಮಲಗಿದೆ. ಆಮೇಲೆ ತೆಗೆಯೋಕೆ ನನಗೆ ಧೈರ್ಯ ಬರಲಿಲ್ಲ ಕಂದ. ಎಲ್ಲಿ ಅಂತ ನೀನು ಕೇಳ್ತಿದ್ದೆ, ಕಳೆದುಹೋಯ್ತು ಅಂತಿದ್ದೆ ನಾನು. ಕೊನೆಗೆ ನೀನು ಕೇಳೋದೇ ಬಿಟ್ಟೆ."

"ಮತ್ತೆ ಈಗ?"

"ಮದುವೆ ದಿನ ಅವಳು ನಿನ್ನ ಪಕ್ಕ ನಿಂತಿರ್ಬೇಕು ಅನ್ನಿಸ್ತು. ಅದಕ್ಕೇ ಪಾಠಕ್ಕೆ ಸೇರಿದ್ದು. ನಿನ್ನ ಕೈಗೆ ಕೊಡೋಕೆ ಮುಖ ಇರಲಿಲ್ಲ. ನೆರ್ಮಿನ್ ಕೈಗೆ ಸಿಗಲಿ, ಅವಳು ಹೋಲಿಕೆ ನೋಡಿ ಗುರುತು ಹಿಡೀತಾಳೆ, ನಿನಗೆ ತೋರಿಸ್ತಾಳೆ ಅಂದ್ಕೊಂಡೆ. ಇಷ್ಟೆಲ್ಲ ಆದ್ಮೇಲೆ ಬಂದು ಹೇಳ್ಬೇಕಿತ್ತು. ಹೇಳಿದ್ರೆ ಬಚ್ಚಿಟ್ಟಿದ್ದೂ ಹೇಳ್ಬೇಕು. ಬಾಗಿಲ ತನಕ ಬಂದು ಬಂದು ವಾಪಸ್ ಹೋದೆ."

ತೌಫೀಕ್ ಟೋಪಿ ತೆಗೆದು ಕೈಯಲ್ಲಿ ಹಿಡಿದರು. "ನಾನು ಬೆರಳು ನೋಡಿದೆ. ಮುಖ ನೋಡ್ಲೇ ಇಲ್ಲ," ಎಂದರು. ಒಡವೆಯ ಗಂಟನ್ನು ಎದ್ದು ಹೋಗಿ ಮಗಳ ಮಡಿಲಿಗೆ ಹಾಕಿದರು. "ಹಾತಿಮ್, ನಿನಗೆ ಅನ್ನಬಾರದ್ದು ಅಂದೆ. ಮನಸ್ಸಿನಲ್ಲಿ ಇಟ್ಕೋಬೇಡ ಮಗನೇ."

ಹಾತಿಮನಿಗೆ ಅದು ಕೇಳಿಸಿತೋ ಇಲ್ಲವೋ. ಅವನು ಪರದೆಯ ಹತ್ತಿರ ಹೋಗಿ ಆ ಮುಖವನ್ನೇ ನೋಡುತ್ತ ನಿಂತಿದ್ದ. ಕೈ ಚಾಚಿ ಕೆನ್ನೆ ಮುಟ್ಟಿದ. ರೈಫಾಳಿಗೆ ಅದನ್ನು ನೋಡುವುದು ಕಷ್ಟವಾಗಿರಬೇಕು. ಅವಳು ಎದ್ದು, ಶಾಲು ಹೊದ್ದುಕೊಂಡು, ಸದ್ದಿಲ್ಲದೆ ಬಾಗಿಲ ಕಡೆ ಹೊರಟಿದ್ದಳು.

"ಎಲ್ಲಿಗೆ?" ಹಾತಿಮ್ ತಿರುಗಿ ನೋಡದೆಯೇ ಕೇಳಿದ.

"ಮನೆಗೆ."

"ಕೂತ್ಕೋ. ನನಗೆ ಸಿಟ್ಟು ಬಂದಿದೆ. ಇವತ್ತೇ ಹೋಗೋ ಸಿಟ್ಟಲ್ಲ ಇದು." ಅವನು ತೋಳಿನಿಂದ ಕಣ್ಣು ಒರೆಸಿಕೊಂಡು ಈ ಕಡೆ ತಿರುಗಿದ. "ಈ ಫೋಟೋ ಸರಿ ಇಲ್ಲ. ಒಬ್ಬರು ಬಿಟ್ಟುಹೋಗಿದಾರೆ."

ರೈಫಾ ಗೊಂದಲದಿಂದ ಪರದೆ ನೋಡಿದಳು. "ಇಬ್ಬರನ್ನ ಸೇರಿಸೋದಷ್ಟೇ ಮೇಷ್ಟ್ರು ಹೇಳಿಕೊಟ್ಟಿರೋದು. ಮೂರು ಜನ ನನಗೆ ಬರಲ್ಲ."

"ಮೂರನೆಯವರಿಗೆ ಕಂಪ್ಯೂಟರ್ ಬೇಕಿಲ್ಲಮ್ಮ," ಎಂದ ಹಾತಿಮ್. "ನಾಳೆ ನೀನೇ ಬಂದು ನನ್ನ ಪಕ್ಕ ನಿಂತ್ಕೋ."