ಮಾಗಳಿ ಬೇರು ಕದ್ದವರು ಯಾರು?

'ಹುಣಸೆ' ಎಂಬ ಪದ ಮರಗಳ ಗುಂಪಿಗೆ ಸೇರುವುದಿಲ್ಲ ಎಂದು ಮೊಬೈಲು ಹೇಳಿದಾಗ ಪ್ರಮೋದಾ ಮೇಡಂಗೆ ಸಿಟ್ಟು ನೆತ್ತಿಗೇರಿತು. ದೊಡ್ಡಬಳ್ಳಾಪುರದ ಕೋರ್ಟಿನಲ್ಲಿ ಗುಮಾಸ್ತೆಯಾಗಿ ನಿವೃತ್ತರಾದ ಮೇಲೆ ಸುತ್ತಲಿನ ಊರುಗಳ ಕಳವು, ಕಿತಾಪತಿಗಳನ್ನೆಲ್ಲ ಬಯಲಿಗೆಳೆದ ಹೆಂಗಸು ಆಕೆ. ಅಂಥವರಿಗೆ ಮೊಬೈಲಿನಲ್ಲಿ ದಿನಕ್ಕೊಂದರಂತೆ ಬರುವ ಪದಗುಂಪಿನ ಆಟ ಮಣ್ಣು ಮುಕ್ಕಿಸುತ್ತಿತ್ತು. ಕಲಿಸುತ್ತಿದ್ದವನು ಪಕ್ಕದ ಮನೆಯ ಜವರಪ್ಪ, ನಿವೃತ್ತ ಬಸ್ ಕಂಡಕ್ಟರ್. ಕೇಸು ಬಂದಾಗಲೆಲ್ಲ ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗುತ್ತಿದ್ದವನೂ ಅವನೇ. ಒಂದು ವಿಷಯದಲ್ಲಾದರೂ ತಾನು ಗುರುವಾದೆನಲ್ಲ ಎಂದು ಅವನಿಗೆ ಒಳಗೊಳಗೇ ಹಿಗ್ಗು.

"ಹದಿನಾರು ಪದ, ನಾಲ್ಕು ನಾಲ್ಕು ಗುಂಪು ಮಾಡ್ಬೇಕು ಮೇಡಂ. ಆಲ, ಅರಳಿ, ಹೊಂಗೆ, ಬೇವು ಒಂದ್ಕಡೆ. ಹುಣಸೆ ಹೋಗೋದು ಬೇಳೆ, ಮೆಣಸಿನಕಾಯಿ, ಕೊತ್ತಂಬರಿ ಜೊತೆ. ಸಾರು ಮಾಡೋಕೆ."

"ಹುಣಸೆ ಮರ ಅಲ್ವೇನ್ರೀ?"

"ಮರಾನೇ. ಆದ್ರೆ ಇವತ್ತು ಯಾತಕ್ಕೆ ಬಂದೈತೆ ಅಂತ ನೋಡ್ಬೇಕು."

ಅಷ್ಟರಲ್ಲಿ ಗೇಟು ತಳ್ಳಿಕೊಂಡು ಭಾಗ್ಯಮ್ಮ ಓಡಿಬಂದಳು. ಸಂಜೀವಪ್ಪನವರ ಮನೆಯಲ್ಲಿ ಪಾತ್ರೆ, ಬಟ್ಟೆಯ ಕೆಲಸ ಮಾಡುವವಳು. "ನನ್ನನ್ನ ಕಳ್ಳಿ ಅಂತವ್ರೆ ಮೇಡಂ! ನಮ್ಮ ಬೀದಿಗೇ ಬಂದು ಜನರೆಲ್ಲಾ ಕೇಳೋ ಹಂಗೆ ಕೂಗಿದ್ರು. ಇನ್ಯಾರು ನನ್ನ ಮನೆಯೊಳಕ್ಕೆ ಬಿಟ್ಕೊಂತಾರೆ?" ಎಂದು ಅಲ್ಲೇ ಕುಸಿದು ಕೂತಳು.

ಮೂವರೂ ಹೋಗಿ ನೋಡಿದರೆ, ಸಂಜೀವಪ್ಪನವರ ಮನೆಯಲ್ಲಿ ಹೆಂಡತಿ ಕದಿರಮ್ಮ ಅಟ್ಟದ ಟ್ರಂಕು ಇಳಿಸಿಕೊಂಡು ಕಂಗಾಲಾಗಿ ಕೂತಿದ್ದರು. ಹೋಗಿದ್ದು ಒಂದು ಪುಟ್ಟ ಬೆಳ್ಳಿ ಬಟ್ಟಲು, ಒಂದು ಜೊತೆ ಬೆಳ್ಳಿ ಕಡಗ, ಉಟ್ಟು ಉಟ್ಟು ಮೆತ್ತಗಾದ ಹತ್ತಿ ಸೀರೆ. ಆ ಸೀರೆಯನ್ನು ಭಾಗ್ಯಮ್ಮ ಹೋದ ವಾರವಷ್ಟೇ ಕೇಳಿದ್ದಳು, ಅವಳ ಕುತ್ತಿಗೆಗೆ ಬಂದಿದ್ದು ಅದೇ. ಅದೇ ಟ್ರಂಕಿನಲ್ಲಿದ್ದ ಬೆಳ್ಳಿ ತಟ್ಟೆ, ದೀಪದ ಕಂಬಗಳನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ.

"ಮತ್ತೇನಾದ್ರೂ ಹೋಗಿದ್ಯಾ?" ಎಂದರು ಮೇಡಂ.

"ಹೇಳೋಕೂ ನಾಚಿಕೆ. ಉಪ್ಪಿನಕಾಯಿಗೆ ತಂದಿಟ್ಟಿದ್ದ ಮಾಗಳಿ ಬೇರು ಕಾಣ್ತಿಲ್ಲ. ಪಕ್ಕದಲ್ಲಿದ್ದ ಬಜೆ ಹಂಗೇ ಐತೆ."

"ಕಡಗ ಯಾರದು?"

ಕದಿರಮ್ಮ ಗಂಡನ ಮುಖ ನೋಡಿ ತಲೆ ತಗ್ಗಿಸಿದರು. "ನಮ್ಮ ಹುಡುಗೀದು, ಚಿಕ್ಕೋಳಿದ್ದಾಗಿಂದು" ಎಂದರು, ಹೆಸರು ಹೇಳಲಿಲ್ಲ. ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಸೋಂಪುರ ಸೇರಿದ ಮಗಳು ಚಂದನಳ ಹೆಸರನ್ನು ಆ ಮನೆಯಲ್ಲಿ ಎತ್ತಕೂಡದೆಂದು ಸಂಜೀವಪ್ಪ ಕಟ್ಟಪ್ಪಣೆ ಮಾಡಿದ್ದು ಊರಿಗೇ ಗೊತ್ತಿತ್ತು.

ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಗೆ ಹೊರಟು ನಿಂತಿದ್ದ ಮಗ ಮುನೀಂದ್ರ ಪೊಲೀಸರನ್ನು ಕರೆಯೋಣವೆಂದು ಹಾರಾಡುತ್ತಿದ್ದ. "ಪೊಲೀಸು ಗಿಲೀಸು ಬೇಡ. ಹೋದದ್ದು ಹೋಯ್ತು," ಎಂದರು ಸಂಜೀವಪ್ಪ. ಬೇಲಿ ದಾಟಿ ಬಿದ್ದ ತೆಂಗಿನಕಾಯಿಗೆ ಠಾಣೆ ಮೆಟ್ಟಿಲು ಹತ್ತಿದ್ದ ಮನುಷ್ಯ ಅವರು. ಜವರಪ್ಪನಿಗೆ ಅಚ್ಚರಿಯಾಯಿತು.

ಜಗಲಿಗೆ ಬಂದ ಮೇಲೆ ಅವನು ಮೆಲ್ಲಗೆ, "ಬೆಳ್ಳೀದು ಬೆಳ್ಳಿ ಗುಂಪು, ಸೀರೆ ಭಾಗ್ಯಮ್ಮನ ಗುಂಪು. ಬೇರು ಇಲಿ ಎಳ್ಕೊಂಡು ಹೋಗಿರ್ಬೇಕು," ಎಂದ.

"ನಾನು ಬೆಳಿಗ್ಗೆ ಹುಣಸೇನ ಮರಕ್ಕೆ ಸೇರಿಸಿದ ಹಾಗಾಯ್ತು ನಿಮ್ಮ ಲೆಕ್ಕ" ಎಂದು ಮೇಡಂ ಎದ್ದು ಎಲ್ಲರನ್ನೂ ನಡುಮನೆಗೆ ಕರೆದರು. ಭಾಗ್ಯಮ್ಮನನ್ನೂ ಒಳಗೆ ಕೂರಿಸಿದರು.

"ಬೆಳ್ಳಿಗೆ ಆಸೆಪಟ್ಟೋರು ದಪ್ಪ ತಟ್ಟೆ ಬಿಟ್ಟು ಪುಟ್ಟ ಬಟ್ಟಲು ತಗೊಳ್ಳಲ್ಲ. ಯಾತಕ್ಕೆ ತಗೊಂಡ್ರು ಅಂತ ನೋಡಿ. ಬಟ್ಟಲು ಹಾಲು ಕುಡಿಸೋಕೆ. ಕಡಗ ಎಳೇ ಕೈಗೆ. ಮೆತ್ತನೆ ಸೀರೆ ತೊಟ್ಟಿಲಿಗೆ. ಇವೆಲ್ಲಾ ಒಂದೇ ಗುಂಪು. ಎಲ್ಲೋ ಒಂದು ಕೂಸು ಹುಟ್ಟಿದೆ."

"ಮಾಗಳಿ ಬೇರು ಯಾತಕ್ಕೆ ಮೇಡಂ?" ಎಂದು ಜವರಪ್ಪ ಬಾಯಿಬಿಟ್ಟ.

"ಕೂಸಿಗೆ ತೇಯ್ದು ನೆಕ್ಕಿಸೋದು ಬಜೆ. ಕೈ ಹಾಕಿದ್ದು ಬಜೆಗೆ, ತಗೊಂಡು ಹೋಗಿದ್ದು ಪಕ್ಕದ ಬೇರನ್ನ. ಮಕ್ಕಳನ್ನ ಸಾಕಿರೋ ಕದಿರಮ್ಮ ಆಗಲಿ, ಭಾಗ್ಯಮ್ಮ ಆಗಲಿ ಕಣ್ಣು ಮುಚ್ಕೊಂಡು ವಾಸನೇಲೇ ಹೇಳ್ತಾರೆ. ಅಲ್ಲಿಗೆ ತಗೊಂಡಿದ್ದು ಗಂಡಸು. ಮುನೀಂದ್ರ ಆಗಿದ್ರೆ ಅಮ್ಮನ್ನ ಗುಟ್ಟಾಗಿ ಕೇಳ್ತಿದ್ದ, ಪೊಲೀಸು ಅಂತ ಕೂಗ್ತಿರಲಿಲ್ಲ. ಆ ಮಗಳ ಹೆಸರಲ್ಲಿ ಬಾಯಿಬಿಟ್ಟು ಏನನ್ನೂ ಕೇಳೋಕಾಗದೋರು ಈ ಮನೇಲಿ ಒಬ್ಬರೇ. ಪೊಲೀಸು ಬೇಡ ಅಂದೋರೂ ಅವರೇ."

ಜವರಪ್ಪನಿಗೆ ಸಿಡಿಲು ಬಡಿದಂತಾಯಿತು. ಸಂಜೀವಪ್ಪ ಹೆಗಲ ಮೇಲಿನ ಟವಲ್ಲನ್ನು ಮುಖಕ್ಕೆ ಒತ್ತಿಕೊಂಡರು.

"ಅಳಿಯ ಫೋನ್ ಮಾಡಿದ್ದ," ಎಂದರು. "ಮನಸ್ಸು ತಡೀಲಿಲ್ಲ. ನಾನೇ ಹಾಕಿದ ಅಪ್ಪಣೆ, ನಾನೇ ಹೆಂಗೆ ಮುರೀಲಿ?"

ಕದಿರಮ್ಮ ಗರಬಡಿದವರಂತೆ ಎದ್ದು ನಿಂತರು. "ನಾನು ಅಜ್ಜಿ ಆಗಿದೀನಾ? ನನ್ನ ಮಗಳು ಹೆತ್ತವ್ಳೆ, ನಂಗೇ ಗೊತ್ತಿಲ್ವಾ? ನಿಮ್ಮ ಬಾಯಿಗೆ ಬೀಗ ಬಿದ್ದಿತ್ತಾ? ಈ ಬಡವೀನ ಕಳ್ಳಿ ಅನ್ನೋವಾಗ್ಲೂ ಸುಮ್ನೆ ನಿಂತಿದ್ರಲ್ಲಾ!" ಒಳಗೆ ಹೋಗಿ ಬಜೆಯ ಕೊಂಬು ತಂದು ಗಂಡನ ಅಂಗೈಗೆ ಒತ್ತಿದರು. "ಇದು ಬಜೆ. ಮೂಸಿ ನೋಡ್ಕಳಿ. ನಡೀರಿ ಸೋಂಪುರಕ್ಕೆ."

ಸಂಜೀವಪ್ಪ ಚಪ್ಪಲಿ ಮೆಟ್ಟಲು ಹೊರಟಾಗ ಬಾಗಿಲಿಗೆ ಅಡ್ಡ ನಿಂತವಳು ಭಾಗ್ಯಮ್ಮ. "ಮೊದ್ಲು ನಮ್ಮ ಬೀದಿಗೆ ಬನ್ನಿ ಯಜಮಾನ್ರೇ. ನಾನು ಕಳ್ಳಿ ಆಗಿರೋದು ಅಲ್ಲಿ."

ಅವರು ಬರುತ್ತಾರೆಂದು ಜವರಪ್ಪ ನಂಬಿರಲಿಲ್ಲ. ಮಗಳ ಮದುವೆಗೂ ಬಗ್ಗದ ತಲೆ ಅದು. ಆದರೆ ಸಂಜೀವಪ್ಪ ಅವಳ ಹಿಂದೆಯೇ ನಡೆದರು. ನಲ್ಲಿಯ ಮುಂದೆ ಕೊಡ ಹಿಡಿದು ನಿಂತಿದ್ದವರೆಲ್ಲ ತಿರುಗಿ ನೋಡುತ್ತಿದ್ದಂತೆ, ಅಂಗೈಯಲ್ಲಿ ಇನ್ನೂ ಬಜೆ ಹಿಡಿದುಕೊಂಡೇ ಗಟ್ಟಿಯಾಗಿ ಹೇಳಿದರು:

"ಭಾಗ್ಯಮ್ಮ ಏನೂ ಮುಟ್ಟಿಲ್ಲ. ನನ್ನ ಮಗಳು ಚಂದನಂಗೆ ಹೆಣ್ಣು ಮಗು ಆಗೈತೆ. ಕದ್ದೋನು ನಾನು."