ಗುರುವಾರ ಸಡಿಲವಾಗುವ ಸ್ಕ್ರೂ

"ಒರೆಸ್ಬೇಡಿ!"

ಗಿರಾಕಿ ಕೂಗಿದ ರಭಸಕ್ಕೆ ಕನ್ನಡಕದಂಗಡಿಯಾಕೆಯ ಕೈಯಿಂದ ಬಟ್ಟೆ ಜಾರಿತು.

"ಇದು ನನ್ನ ಹೆಂಡ್ತಿ ಓದೋ ಕನ್ನಡಕ, ಗಾಜಿನ ಮೇಲೆ ಅವಳ ಬೆರಳಚ್ಚಿದೆ... ಅವಳು ಹೋಗಿ ಏಳು ತಿಂಗಳಾಯ್ತು. ಸ್ಕ್ರೂ ಮಾತ್ರ ಬಿಗಿ ಮಾಡಿ."

ಅಂಗಡಿಯಾಕೆ ಬಟ್ಟೆ ಬಿಟ್ಟು ಸ್ಕ್ರೂಡ್ರೈವರ್ ಎತ್ತಿಕೊಂಡಳು. ತೀರಿಹೋದ ಗಂಡನ ಕನ್ನಡಕವನ್ನು ಅವಳೂ ಮೂರು ವರ್ಷದಿಂದ ಇದೇ ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದ್ದಳು.

ಆಮೇಲೆ ಆ ಗಿರಾಕಿ, ಒಬ್ಬ ಗಣಿತದ ಮೇಷ್ಟ್ರು, ಪ್ರತಿ ಗುರುವಾರ ಅದೇ ಕನ್ನಡಕ ಹಿಡಿದು ಬರತೊಡಗಿದರು. ಎರಡು ನಿಮಿಷದ ಕೆಲಸ, ಒಂದು ಗಂಟೆಯ ಮಾತು! ಮಾತೆಲ್ಲ ಬರೀ 'ಅವಳು... ಅವಳು...'

ಸತ್ತವಳ ಮೇಲೆ ಹೊಟ್ಟೆಕಿಚ್ಚೇ? ನಾಚಿಕೆಯಾಗಲ್ವಾ ನಿನಗೆ? ತನ್ನನ್ನೇ ಬೈದುಕೊಂಡಳು. ಕಿಚ್ಚು ಆರಲಿಲ್ಲ.

ಐದನೇ ಗುರುವಾರ ನೋಡಿದರೆ ಬೆರಳಚ್ಚು ಮಾಯ! ಮೂಗು ತಾಗುವ ಕಡೆ ಗುಲಾಬಿ ಪೌಡರು ಬೇರೆ!

ಇದಕ್ಕಿಂತ ಸತ್ತವಳೇ ವಾಸಿ... ಈಗ ಯಾರಪ್ಪಾ ಈ ಹೊಸಬಳು?

"ಯಾರದು ಈ ಪೌಡರು?" ಕೇಳಬಾರದು ಅಂದುಕೊಂಡದ್ದೇ ಬಾಯಿಗೆ ಬಂತು.

"ಎಂಟನೇ ಬೆಡ್ಡಿನ ಅಜ್ಜೀದು." ಮೇಷ್ಟ್ರು ನಕ್ಕರು. "ನನ್ನವಳು ಕೊನೇವರೆಗೂ ಇದ್ದ ಆಸ್ಪತ್ರೆ ವಾರ್ಡಿಗೆ ಆಗಾಗ ಹೋಗ್ತೀನಿ. ಅಜ್ಜಿ ಮಗಳ ಕಾಗದ ಹಿಡ್ಕೊಂಡು ಕೂತಿದ್ರು. ಕಣ್ಣು ಕಾಣ್ಸಲ್ಲ, ನಾನು ಓದ್ತೀನಿ ಅಂದ್ರೆ ಕೊಡಲ್ಲ... ಗುಟ್ಟಂತೆ! ಕನ್ನಡಕ ಕೊಟ್ಟೆ. ಹೊದಿಕೆ ಅಂಚಲ್ಲಿ ಒರೆಸಿ ಹಾಕ್ಕೊಂಡೇ ಬಿಟ್ರು."

"ಅಯ್ಯೋ... ಬೆರಳಚ್ಚು?"

"ಜೀವವೇ ಹೋದಂಗಾಯ್ತು. ಆದ್ರೆ ಕಾಗದ ಓದಿ ಅಜ್ಜಿ ನಕ್ರಲ್ಲ... ಅವತ್ತು ಎದೆ ಹಗುರಾಯ್ತು. ಇವಳು ಹೋದಾಗಿಂದ ದೇವ್ರನ್ನ ಬೈತಿದ್ದೆ, ಅದೂ ಅವತ್ತೇ ನಿಲ್ತು."

ಅವಳು ಡ್ರಾಯರಿನ ಬೀಗ ತೆಗೆದಳು. ಗಂಡನ ಕನ್ನಡಕವನ್ನು ಮೂರು ವರ್ಷದಲ್ಲಿ ಮೊದಲ ಸಲ ಒರೆಸಿದಳು. ಒರೆಸುತ್ತಾ ಒರೆಸುತ್ತಾ ಜೋರಾಗಿ ಅತ್ತುಬಿಟ್ಟಳು. ಮೇಷ್ಟ್ರು ಸಮಾಧಾನ ಹೇಳದೆ ಪಕ್ಕದಲ್ಲೇ ನಿಂತಿದ್ದರು.

"ಇದೂ ಓದೋ ಕನ್ನಡಕಾನೇ. ವಾರ್ಡಲ್ಲಿ ಯಾರಿಗಾದ್ರೂ ಕೊಡಿ."

"ನೀವೇ ಬಂದು ಕೊಡಿ. ಒಟ್ಟಿಗೆ ಹೋಗೋಣ."

ಅವಳು ಕಣ್ಣೊರೆಸಿಕೊಂಡಳು. ಏನೋ ಹೊಳೆಯಿತು.

"ಅಲ್ಲಾ ಮೇಷ್ಟ್ರೇ, ವಾರ ವಾರ ಸ್ಕ್ರೂ ಹೇಗೆ ಸಡಿಲ ಆಗುತ್ತೆ?"

ಮೇಷ್ಟ್ರ ಕಿವಿ ಕೆಂಪಾಯಿತು. ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಮೇಜಿನ ಮೇಲಿಟ್ಟರು.

"ಮೊದಲ ವಾರ ಅದಾಗಿಯೇ ಆಗಿತ್ತು. ಆಮೇಲಿಂದ... ನಾನೇ. ನಿಮ್ಮನ್ನ ನೋಡೋಕೆ ಬೇರೆ ನೆಪ ತೋಚಲಿಲ್ಲ."

ಅವಳು ಸ್ಕ್ರೂಡ್ರೈವರನ್ನು ಎತ್ತಿ ಡ್ರಾಯರಿಗೆ ಹಾಕಿದಳು.

"ಇನ್ಮೇಲೆ ಸುಮ್ನೆ ಬನ್ನಿ."

"ಬಂದ್ರೆ... ಅವಳ ಮಾತೂ ಬರುತ್ತೆ. ಬೇಜಾರಿಲ್ವಾ?"

"ಹೊಟ್ಟೆ ಉರಿಯುತ್ತೆ," ಎಂದಳು. "ಆದ್ರೂ ಹೇಳಿ."